ಡಿಎನ್‌ಎ ಸುತ್ತಲಿನ ಉಪ್ಪಿನ ಅಯಾನುಗಳು: ಯಾವ ಪ್ರಶ್ನೆಗೆ ಯಾವ ಮಾದರಿ?

ಡಿಎನ್‌ಎ ಜೋಡಿ ಸುರುಳಿಯ ಅಕ್ಷದಲ್ಲಿ 0.34 ನ್ಯಾನೊಮೀಟರ್‌ಗೆ ಒಂದರಂತೆ ಬೇಸ್ ಜೋಡಿಗಳಿವೆ. ಪ್ರತಿ ಜೋಡಿಗೂ ಎರಡು ಫಾಸ್ಫೇಟ್, ಪ್ರತಿ ಫಾಸ್ಫೇಟ್‌ಗೂ ಒಂದು ಋಣ ಆವೇಶ. ಹೀಗೆ ಸರಾಸರಿ 0.17 ನ್ಯಾನೊಮೀಟರ್‌ಗೆ ಒಂದು ಆವೇಶ ಬೀಳುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಎರಡು ಏಕ ಆವೇಶಗಳ ನಡುವಿನ ಶಕ್ತಿ ಉಷ್ಣ ಶಕ್ತಿಗೆ ಸಮವಾಗುವ ದೂರ ಸುಮಾರು 0.71 ನ್ಯಾನೊಮೀಟರ್. ಇದಕ್ಕೆ ಬ್ಯೆರುಮ್ ಉದ್ದ ಎನ್ನುತ್ತಾರೆ. ಅಷ್ಟು ಸಣ್ಣ ಅಂತರದಲ್ಲಿ ಡಿಎನ್‌ಎ ನಾಲ್ಕಕ್ಕಿಂತ ಹೆಚ್ಚು ಆವೇಶಗಳನ್ನು ತುಂಬಿಕೊಂಡಿದೆ. ಸುತ್ತಲಿನ ದ್ರಾವಣದಿಂದ ಧನ ಅಯಾನುಗಳು ಬಂದು ಮುತ್ತಿಕೊಳ್ಳದಿದ್ದರೆ ಈ ಅಣು ಸುರುಳಿಯಾಗಿ ಉಳಿಯುವುದೇ ಕಷ್ಟ.

ಆ ಅಯಾನುಗಳ ಮೋಡವನ್ನು ಲೆಕ್ಕಹಾಕಲು ಹತ್ತಾರು ದಾರಿಗಳಿವೆ. ಒಂದು ಕಾಗದದ ಮೇಲೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಇನ್ನೊಂದಕ್ಕೆ ಶಕ್ತಿಶಾಲಿ ಕಂಪ್ಯೂಟರ್‌ಗಳು ವಾರಗಟ್ಟಲೆ ಓಡಬೇಕು. ಹೊಸದಾಗಿ ಈ ಕ್ಷೇತ್ರಕ್ಕೆ ಬಂದವರು ಸಾಮಾನ್ಯವಾಗಿ ತಮ್ಮ ಪ್ರಯೋಗಾಲಯದಲ್ಲಿ ಬಳಕೆಯಲ್ಲಿರುವ ವಿಧಾನವನ್ನೇ ಹಿಡಿಯುತ್ತಾರೆ, ಇಲ್ಲವೇ ಹೆಚ್ಚು ವಿವರ ಕೊಡುವ ವಿಧಾನವೇ ಹೆಚ್ಚು ನಿಜ ಎಂದುಕೊಳ್ಳುತ್ತಾರೆ. ಎರಡನೆಯ ನಂಬಿಕೆ ಹೆಚ್ಚು ಅಪಾಯಕಾರಿ. ವಿಧಾನವನ್ನು ಆರಿಸಬೇಕಾದುದು ಪ್ರಶ್ನೆಯನ್ನು ನೋಡಿ. ನಿಮಗೆ ಬೇಕಿರುವುದು ಅಯಾನುಗಳ ಸಂಖ್ಯೆಯೇ, ಅವು ನಿಂತಿರುವ ಜಾಗವೇ, ಅಥವಾ ಉಪ್ಪು ಬದಲಾದಾಗ ಶಕ್ತಿಯಲ್ಲಾಗುವ ವ್ಯತ್ಯಾಸವೇ? ಇದನ್ನು ತೀರ್ಮಾನಿಸಿದ ಮೇಲೆ ಇನ್ನೊಂದನ್ನು ಕೇಳಿಕೊಳ್ಳಿ: ದ್ರಾವಣದಲ್ಲಿರುವ ಧನ ಅಯಾನಿನ ಆವೇಶ ಒಂದೇ, ಎರಡೇ, ಮೂರೇ? ಅರ್ಧಕ್ಕರ್ಧ ಆಯ್ಕೆ ಈ ಎರಡು ಉತ್ತರಗಳಲ್ಲೇ ಮುಗಿದುಹೋಗುತ್ತದೆ.

ಕಾಗದ, ಪೆನ್ಸಿಲ್ ಮತ್ತು ಮ್ಯಾನಿಂಗ್

ಜೆರಾಲ್ಡ್ ಮ್ಯಾನಿಂಗ್ 1969ರಲ್ಲಿ ಮುಂದಿಟ್ಟ ಸಿದ್ಧಾಂತ ಡಿಎನ್‌ಎಯನ್ನು ದಪ್ಪವೇ ಇಲ್ಲದ, ಕೊನೆಯೇ ಇಲ್ಲದ ಒಂದು ಆವೇಶದ ಗೆರೆಯೆಂದು ಭಾವಿಸುತ್ತದೆ. ಬ್ಯೆರುಮ್ ಉದ್ದವನ್ನು ಆವೇಶಗಳ ನಡುವಿನ ಅಂತರದಿಂದ ಭಾಗಿಸಿದರೆ ಡಿಎನ್‌ಎಗೆ 4.2 ಸಿಗುತ್ತದೆ. ಈ ಸಂಖ್ಯೆ ಒಂದನ್ನು ಮೀರಿದರೆ ಆವೇಶದ ಸೆಳೆತ ಉಷ್ಣ ಚಲನೆಯನ್ನು ಗೆಲ್ಲುತ್ತದೆ. ಗೆರೆಯ ಆವೇಶ ಸಾಕಷ್ಟು ತಗ್ಗುವವರೆಗೂ ಅಯಾನುಗಳು ಬಂದು ಸೇರುತ್ತಲೇ ಇರುತ್ತವೆ. ಸೋಡಿಯಂನಂಥ ಏಕಾವೇಶದ ಅಯಾನು ಫಾಸ್ಫೇಟ್ ಆವೇಶದ ಶೇ. 76ರಷ್ಟನ್ನು ಹೀಗೆ ಮುಚ್ಚುತ್ತದೆ, ಮೆಗ್ನೀಸಿಯಂ ಶೇ. 88ರಷ್ಟನ್ನು, ಮೂರು ಆವೇಶದ ಅಯಾನು ಶೇ. 92ರಷ್ಟನ್ನು. ದ್ರಾವಣದಲ್ಲಿ ಉಪ್ಪು ಹೆಚ್ಚಿರಲಿ ಕಡಿಮೆಯಿರಲಿ, ಈ ಪಾಲು ಬದಲಾಗುವುದಿಲ್ಲ ಎನ್ನುವುದು ಸಿದ್ಧಾಂತದ ಅತ್ಯಂತ ದಿಟ್ಟ ಹೇಳಿಕೆ.

ಬೇರೆ ಪಾಲಿಮರ್‌ಗಳಿಗೂ ಇದೇ ಲೆಕ್ಕ ನಡೆಯುತ್ತದೆ. ಪೂರ್ತಿ ಅಯಾನೀಕರಣಗೊಂಡ ಪಾಲಿಸ್ಟೈರೀನ್ ಸಲ್ಫೊನೇಟ್‌ನಲ್ಲಿ ಆವೇಶಗಳ ಅಂತರ ಸುಮಾರು 0.25 ನ್ಯಾನೊಮೀಟರ್, ಆದ್ದರಿಂದ ಸಂಖ್ಯೆ 2.8. ಹಯಲುರಾನಿಕ್ ಆಮ್ಲದಲ್ಲಿ ಅಂತರ ಸುಮಾರು ಒಂದು ನ್ಯಾನೊಮೀಟರ್ ಇರುವುದರಿಂದ ಸಂಖ್ಯೆ 0.7ಕ್ಕೆ ಇಳಿಯುತ್ತದೆ. ಅಲ್ಲಿ ಸೋಡಿಯಂ ಹೀಗೆ ಗುಂಪುಗೂಡುವುದೇ ಇಲ್ಲ. ನಿಮ್ಮ ಪಾಲಿಮರ್‌ನ ಸಂಖ್ಯೆ ಒಂದಕ್ಕಿಂತ ಕೆಳಗಿದ್ದರೆ ಮುಂದಿನ ಕಷ್ಟದ ವಿಧಾನಗಳ ಅಗತ್ಯವೇ ಬೀಳದಿರಬಹುದು. ಅದಕ್ಕಾಗಿಯಾದರೂ ಈ ಭಾಗಾಕಾರವನ್ನು ಮೊದಲು ಮಾಡಿ.

ಮ್ಯಾನಿಂಗ್ ಲೆಕ್ಕ ನಿಜಕ್ಕೂ ಮಿಂಚುವುದು ಡಿಎನ್‌ಎಗೆ ಪ್ರೋಟೀನ್ ಅಂಟಿಕೊಳ್ಳುವ ಪ್ರಶ್ನೆಯಲ್ಲಿ. ಪ್ರೋಟೀನ್ ಬಂದು ಕೂತಾಗ ಫಾಸ್ಫೇಟ್‌ಗಳ ಬಳಿಯಿದ್ದ ಅಯಾನುಗಳು ಬಿಡುಗಡೆಯಾಗಿ ದ್ರಾವಣಕ್ಕೆ ಮರಳುತ್ತವೆ. ಮುಚ್ಚಿಹೋದ ಪ್ರತಿ ಫಾಸ್ಫೇಟ್‌ಗೆ ಸುಮಾರು 0.88 ಸೋಡಿಯಂ ಬಿಡುಗಡೆಯಾಗುತ್ತದೆ ಎಂದು ಈ ಸಿದ್ಧಾಂತವನ್ನು ಆಧರಿಸಿದ ಲೆಕ್ಕ ಹೇಳುತ್ತದೆ. ಐದು ಫಾಸ್ಫೇಟ್‌ಗಳನ್ನು ಮುಟ್ಟುವ ಪ್ರೋಟೀನ್ ಇದ್ದರೆ ಐದು ಬಾರಿ 0.88, ಅಂದರೆ 4.4. ಉಪ್ಪನ್ನು ಹತ್ತು ಪಟ್ಟು ಹೆಚ್ಚಿಸಿದರೆ ಬಂಧನದ ಸ್ಥಿರಾಂಕ (ಪ್ರೋಟೀನ್ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬುದರ ಅಳತೆ) ಹತ್ತರ 4.4ನೆಯ ಘಾತದಷ್ಟು, ಅಂದರೆ ಸುಮಾರು 25,000 ಪಟ್ಟು ಕುಸಿಯುತ್ತದೆ. ಇಷ್ಟು ದೊಡ್ಡ ಪರಿಣಾಮವನ್ನು ಇಷ್ಟು ಸಣ್ಣ ಲೆಕ್ಕ ಹಿಡಿಯುವುದನ್ನು ಕಂಡಾಗ ನನಗೆ ಈಗಲೂ ಬೆರಗಾಗುತ್ತದೆ.

ಆದರೆ ಶೇ. 76 ಎಂಬುದನ್ನು ನಿಗದಿತ ಆಸನಗಳಲ್ಲಿ ಕೂತ ಅಯಾನುಗಳೆಂದು ಓದಬಾರದು. ಅವು ಸುರುಳಿಯ ಹತ್ತಿರದ ಒಂದು ಪದರದಲ್ಲಿ ಅಲೆದಾಡುತ್ತಿರುತ್ತವೆ, ಹೊರಗಿನವುಗಳೊಂದಿಗೆ ಸದಾ ಜಾಗ ಬದಲಿಸುತ್ತಿರುತ್ತವೆ. ಎಲ್ಲಿವೆ ಎಂಬ ಪ್ರಶ್ನೆಗೆ ಈ ಸಿದ್ಧಾಂತದ ಬಳಿ ಉತ್ತರವಿಲ್ಲ. ಗಿಡ್ಡ ತುಣುಕುಗಳಲ್ಲೂ ಇದು ಸೋಲುತ್ತದೆ. 1 ಮಿಲಿಮೋಲಾರ್ ಉಪ್ಪಿನಲ್ಲಿ ಆವೇಶದ ಪ್ರಭಾವ ಹರಡುವ ಡೆಬೈ ಉದ್ದ 9.6 ನ್ಯಾನೊಮೀಟರ್. 12 ಬೇಸ್ ಜೋಡಿಗಳ ತುಣುಕಿನ ಉದ್ದವೋ ಬರೀ 4 ನ್ಯಾನೊಮೀಟರ್. ಅಂಥದ್ದನ್ನು ಕೊನೆಯಿಲ್ಲದ ಗೆರೆ ಎಂದು ಭಾವಿಸಲಾಗದು. 0.1 ಮೋಲಾರ್‌ನಲ್ಲಿ ಡೆಬೈ ಉದ್ದ 0.96 ನ್ಯಾನೊಮೀಟರ್‌ಗೆ ಕುಗ್ಗುತ್ತದೆ, ಆಗ ತುದಿಗಳ ಕಾಟ ಬಹಳ ಕಡಿಮೆ.

ರೇಖೀಯ ಸಮೀಕರಣವನ್ನು ಎಲ್ಲಿ ಬಳಸಬಾರದು

ಡೆಬೈ ಮತ್ತು ಹುಕಲ್ 1923ರಲ್ಲಿ ಕೊಟ್ಟ ರೇಖೀಯ ಸಿದ್ಧಾಂತ, ಅಂದರೆ ಅಯಾನುಗಳ ಸಾಂದ್ರತೆಯಲ್ಲಾಗುವ ಬದಲಾವಣೆ ವಿಭವಕ್ಕೆ (ವಿದ್ಯುತ್ ಪೊಟೆನ್ಶಿಯಲ್) ನೇರ ಅನುಪಾತದಲ್ಲಿರುತ್ತದೆ ಎಂಬ ಸರಳೀಕರಣ, ವಿಭವ ಚಿಕ್ಕದಾಗಿದ್ದಾಗ ಮಾತ್ರ ಸರಿ. ಚಿಕ್ಕದು ಎಂದರೆ 25 ಡಿಗ್ರಿಯಲ್ಲಿ 25.7 ಮಿಲಿವೋಲ್ಟ್‌ಗಿಂತ ಸಾಕಷ್ಟು ಕಡಿಮೆ. ಡಿಎನ್‌ಎ ಮೇಲ್ಮೈಯಲ್ಲಿ ವಿಭವ ಇದರ ಹಲವು ಪಟ್ಟು ಇರುತ್ತದೆ. ನಾಲ್ಕು ಪಟ್ಟು ಎಂದಿಟ್ಟುಕೊಂಡು ನೋಡಿ: ರೇಖೀಯ ಸೂತ್ರದ ಪ್ರಕಾರ ಧನ ಅಯಾನುಗಳ ಸಾಂದ್ರತೆ ಹೊರಗಿನದಕ್ಕಿಂತ ಐದು ಪಟ್ಟು, ಋಣ ಅಯಾನುಗಳದ್ದು ಸೊನ್ನೆಗಿಂತ ಮೂರು ಪಟ್ಟು ಕೆಳಗೆ! ಋಣ ಸಾಂದ್ರತೆ ಎಂಬುದು ಪ್ರಕೃತಿಯಲ್ಲಿ ಇಲ್ಲ. ಸಾಂದ್ರತೆ ವಿಭವದೊಂದಿಗೆ ಘಾತೀಯವಾಗಿ ಬದಲಾಗುತ್ತದೆ ಎನ್ನುವ ಬೋಲ್ಟ್ಸ್‌ಮನ್ ಸೂತ್ರವನ್ನು ಪೂರ್ತಿಯಾಗಿ ಬಳಸಿದರೆ ಅದೇ ಜಾಗದಲ್ಲಿ ಧನ ಅಯಾನುಗಳು 55 ಪಟ್ಟು, ಋಣ ಅಯಾನುಗಳು ಐವತ್ತರಲ್ಲೊಂದು ಪಾಲಿಗಿಂತ ಕಡಿಮೆ. ಸುರುಳಿಯ ಪಕ್ಕದ ಅಯಾನುಗಳ ಬಗ್ಗೆ ಏನೇ ಹೇಳಬೇಕಿದ್ದರೂ ರೇಖೀಯ ರೂಪವನ್ನು ಬದಿಗಿಡಿ.

ದೂರದ ವಿಷಯ ಬೇರೆ. ಎರಡು ಡಿಎನ್‌ಎ ಭಾಗಗಳು ಕೆಲವು ನ್ಯಾನೊಮೀಟರ್ ಅಂತರದಲ್ಲಿ ಒಂದನ್ನೊಂದು ಹೇಗೆ ತಳ್ಳುತ್ತವೆ ಎಂಬುದಕ್ಕೆ, ಫಾಸ್ಫೇಟ್‌ನ ಆವೇಶವನ್ನು ತಗ್ಗಿಸಿ ಬಳಸಿದ ಡೆಬೈ–ಹುಕಲ್ ಸೂತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನೂರಾರು ನ್ಯೂಕ್ಲಿಯೊಟೈಡ್‌ಗಳ ರಚನೆಗಳನ್ನು ಸಿಮ್ಯುಲೇಶನ್ ಮಾಡುವ ಆಕ್ಸ್‌ಡಿಎನ್‌ಎ ಮಾದರಿಯ ಮೊದಲ ರೂಪ 0.5 ಮೋಲಾರ್ ಉಪ್ಪಿಗೆ ಮಾತ್ರ ಹೊಂದಿಸಿದ್ದಾಗಿತ್ತು. 2015ರ ಎರಡನೆಯ ರೂಪಕ್ಕೆ ಉಪ್ಪಿನ ಪ್ರಮಾಣವನ್ನು ತಂದುಕೊಟ್ಟದ್ದು ಇದೇ ಸೂತ್ರ. ಡಿಎನ್‌ಎ ಮಡಿಕೆಗಳ ಆಕಾರ ಬೇಕಿದ್ದರೆ ಅದನ್ನು ಬಳಸಿ. ಅದರೊಳಗೆ ಅಯಾನುಗಳೇ ಇಲ್ಲ, ಆದ್ದರಿಂದ ಅಯಾನುಗಳ ಹಂಚಿಕೆಯನ್ನು ಅದರಲ್ಲಿ ಹುಡುಕಬೇಡಿ.

ಬಹುಪಾಲು ಜನರಿಗೆ ಬೇಕಾಗುವುದು: ಅರೇಖೀಯ ಪಾಯ್ಸನ್–ಬೋಲ್ಟ್ಸ್‌ಮನ್

ಈ ಸಮೀಕರಣದ ಹಿಂದಿರುವ ವಿಚಾರ ಸರಳ: ಪ್ರತಿ ಅಯಾನೂ ಉಳಿದೆಲ್ಲ ಅಯಾನುಗಳ ಸರಾಸರಿ ವಿಭವವನ್ನು ಅನುಭವಿಸುತ್ತದೆ, ಆ ವಿಭವವನ್ನು ಮತ್ತೆ ಅವುಗಳ ಹಂಚಿಕೆಯೇ ನಿರ್ಧರಿಸುತ್ತದೆ. ಸಪಾಟು ಮೇಲ್ಮೈಗಳಿಗೆ ಗೂಯಿ 1910ರಲ್ಲಿ, ಚಾಪ್‌ಮನ್ 1913ರಲ್ಲಿ ಇದನ್ನು ಬಿಡಿಸಿದರು. ಕಂಬದಾಕಾರದ ಪಾಲಿಮರ್‌ಗೆ, ಹೊರಗಿನಿಂದ ಬೇರೆ ಉಪ್ಪು ಸೇರದಿದ್ದಾಗ, ನಿಖರ ಉತ್ತರ 1951ರಲ್ಲಿ ಫ್ಯೂಸ್, ಕಚಾಲ್‌ಸ್ಕಿ ಮತ್ತು ಲಿಫ್ಸನ್ ಅವರಿಂದ ಬಂತು.

ಎರಡು ಮಟ್ಟಗಳಲ್ಲಿ ಇದನ್ನು ಬಳಸಬಹುದು. ಮೊದಲನೆಯದು ಒಂದು ನ್ಯಾನೊಮೀಟರ್ ತ್ರಿಜ್ಯದ ನಯವಾದ ಕಂಬ. ಆಗ ಕೇಂದ್ರದಿಂದ ಇರುವ ದೂರವೊಂದೇ ಚರ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಕ್ಷಣದಲ್ಲಿ ಉತ್ತರ ಬರುತ್ತದೆ. ಸೋಡಿಯಂ ಅಥವಾ ಪೊಟ್ಯಾಸಿಯಂ ಮಾತ್ರ ಇರುವ ದ್ರಾವಣದಲ್ಲಿ ಒಟ್ಟು ಸಂಖ್ಯೆ ತಿಳಿಯಲು ಇದೇ ಸಾಕು. ಮುಂದೆ ದೊಡ್ಡ ಸಿಮ್ಯುಲೇಶನ್ ಮಾಡುವವರೂ ಮೊದಲು ಈ ಕಂಬದ ಲೆಕ್ಕವನ್ನು ಮಾಡಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಸಿಮ್ಯುಲೇಶನ್ ಇದರಿಂದ ದೂರ ಸರಿದರೆ ಆ ವ್ಯತ್ಯಾಸಕ್ಕೆ ಭೌತಿಕ ಕಾರಣವಿರಬೇಕು, ಇಲ್ಲವಾದರೆ ಎಲ್ಲೋ ತಪ್ಪಿದೆ.

ಎರಡನೆಯ ಮಟ್ಟದಲ್ಲಿ ಪರಮಾಣುಗಳ ನಿಜವಾದ ಜಾಗಗಳನ್ನೇ ಬಳಸಿ ಮೂರು ಆಯಾಮದ ಗ್ರಿಡ್ ಮೇಲೆ ಸಮೀಕರಣವನ್ನು ಬಿಡಿಸುತ್ತಾರೆ. ಎಪಿಬಿಎಸ್, ಡೆಲ್‌ಫೈ ಈ ಕೆಲಸಕ್ಕೆ ಪರಿಚಿತ ತಂತ್ರಾಂಶಗಳು. ಸುರುಳಿಯ ತೋಡುಗಳಲ್ಲಿ (ಎರಡು ಎಳೆಗಳ ನಡುವಿನ ಕಾಲುವೆಗಳಲ್ಲಿ) ಧನ ಅಯಾನುಗಳು ಹೆಚ್ಚು ಸೇರುವುದು, ತುದಿಗಳಲ್ಲಿ ಮೋಡ ತೆಳುವಾಗುವುದು ಎಲ್ಲವೂ ಇಲ್ಲಿ ಕಾಣುತ್ತವೆ. ಎಡವುವ ಜಾಗಗಳೂ ಇಲ್ಲೇ. ರೇಖೀಯ ಮತ್ತು ಅರೇಖೀಯ ಎಂಬ ಆಯ್ಕೆ ಇನ್‌ಪುಟ್ ಕಡತದ ಒಂದೇ ಪದದಲ್ಲಿ ಅಡಗಿರುತ್ತದೆ, ಪ್ರೋಟೀನ್‌ಗೆಂದು ಬರೆದ ಮಾದರಿ ಕಡತವನ್ನು ನಕಲು ಮಾಡಿಕೊಂಡರೆ ರೇಖೀಯವೇ ಬಂದುಬಿಡಬಹುದು. ಲೆಕ್ಕ ನಡೆಯುವ ಪೆಟ್ಟಿಗೆಯ ಅಂಚು ಡಿಎನ್‌ಎಯಿಂದ ಹಲವು ಡೆಬೈ ಉದ್ದಗಳಷ್ಟು ದೂರವಿರಬೇಕು. 1 ಮಿಲಿಮೋಲಾರ್‌ನಲ್ಲಿ ಅದು ಹತ್ತಾರು ನ್ಯಾನೊಮೀಟರ್ ಆಗುತ್ತದೆ, ಆದ್ದರಿಂದ ಮೊದಲು ಒರಟು ಗ್ರಿಡ್, ಬಳಿಕ ಅದರೊಳಗೆ ಸೂಕ್ಷ್ಮ ಗ್ರಿಡ್ ಎಂಬ ಕ್ರಮ ಬೇಕಾಗುತ್ತದೆ. ಅಯಾನಿನ ಕೇಂದ್ರ ಡಿಎನ್‌ಎಗೆ ಎಷ್ಟು ಹತ್ತಿರ ಬರಬಹುದು ಎಂಬ ತ್ರಿಜ್ಯವನ್ನು ಸಾಮಾನ್ಯವಾಗಿ 0.2 ನ್ಯಾನೊಮೀಟರ್ ಎಂದು ಇಡುತ್ತಾರೆ. ಅದನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಲೆಕ್ಕವನ್ನು ಮತ್ತೆ ಓಡಿಸಿ. ನಿಮ್ಮ ತೀರ್ಮಾನ ಆ ಬದಲಾವಣೆಗೇ ಅಲುಗಾಡಿದರೆ ಅದನ್ನು ನಂಬಬೇಡಿ.

ಈ ಸಿದ್ಧಾಂತಕ್ಕೆ ಸೋಡಿಯಂ, ಪೊಟ್ಯಾಸಿಯಂ, ಸೀಸಿಯಂ ಎಲ್ಲವೂ ಒಂದೇ. ಅಯಾನುಗಳಿಗೆ ಪರಸ್ಪರ ಗಾತ್ರದ ಅರಿವಿಲ್ಲ, ನೀರಿಗೆ ಅಣುಗಳಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಒಂದು ಅಯಾನು ತನ್ನ ಪಕ್ಕದ ಅಯಾನನ್ನು ನೋಡಿ ದೂರ ಸರಿಯುವುದಿಲ್ಲ. ಸರಾಸರಿಯನ್ನು ಮಾತ್ರ ನೋಡುತ್ತದೆ. ಈ ಕೊರತೆ ಯಾವಾಗ ಹಾನಿಮಾಡುತ್ತದೆ ಎಂದು ತಿಳಿಯಲು ಒಂದು ಅಳತೆಗೋಲು ಇದೆ. ಅಯಾನುಗಳ ನಡುವಿನ ಸೆಣಸಾಟವನ್ನು ಉಷ್ಣ ಚಲನೆಯೊಂದಿಗೆ ಹೋಲಿಸುವ ಜೋಡಣೆ ನಿಯತಾಂಕ ಅದು, ಅಯಾನಿನ ಆವೇಶದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಡಿಎನ್‌ಎ ಮೇಲ್ಮೈಗೆ ಲೆಕ್ಕಹಾಕಿದರೆ ಏಕಾವೇಶದ ಅಯಾನಿಗೆ ಸುಮಾರು 3, ದ್ವಿ ಆವೇಶಕ್ಕೆ 23ರ ಆಸುಪಾಸು, ಮೂರು ಆವೇಶಕ್ಕೆ ಎಂಬತ್ತರ ಹತ್ತಿರ. ಮೂರು ಎಂಬುದನ್ನು ಸರಾಸರಿ ಸಿದ್ಧಾಂತ ಹೇಗೋ ನಿಭಾಯಿಸುತ್ತದೆ. ಇಪ್ಪತ್ಮೂರರಲ್ಲಿ ತಡವರಿಸುತ್ತದೆ. ಎಂಬತ್ತರಲ್ಲಿ ಕೈಚೆಲ್ಲುತ್ತದೆ.

ಮೆಗ್ನೀಸಿಯಂ ಬಂದಾಗ

ಜೀವಕೋಶದಲ್ಲೂ ಪ್ರಯೋಗದ ಬಫರ್‌ಗಳಲ್ಲೂ ಮೆಗ್ನೀಸಿಯಂ ಮತ್ತು ಏಕಾವೇಶದ ಅಯಾನುಗಳು ಒಟ್ಟಿಗೇ ಇರುತ್ತವೆ. ಆದ್ದರಿಂದ ಇದು ಅಪರೂಪದ ಪ್ರಕರಣವಲ್ಲ, ದಿನನಿತ್ಯದ್ದು. 2007ರಲ್ಲಿ ಪ್ರಕಟವಾದ ಅಯಾನು ಎಣಿಕೆಯ ಪ್ರಯೋಗ ಇಲ್ಲಿ ನಮ್ಮ ದಾರಿದೀಪ. ಡಿಎನ್‌ಎ ಇರುವ ದ್ರಾವಣವನ್ನು ಬಫರ್‌ನೊಂದಿಗೆ ಸಮತೋಲನಕ್ಕೆ ತಂದು, ಎರಡೂ ಕಡೆಯ ಧಾತುಗಳನ್ನು ಪರಮಾಣು ಉತ್ಸರ್ಜನ ರೋಹಿತದಿಂದ ಅಳೆದು, ಡಿಎನ್‌ಎ ಎಷ್ಟು ಅಯಾನುಗಳನ್ನು ಹೆಚ್ಚಾಗಿ ಸೆಳೆದಿದೆ ಎಂದು ನೇರವಾಗಿ ಎಣಿಸಿದರು. ಮೆಗ್ನೀಸಿಯಂ ಮತ್ತು ಸೋಡಿಯಂ ಪೈಪೋಟಿಗೆ ಬಿದ್ದಾಗ ಮೆಗ್ನೀಸಿಯಂ ಪಡೆಯುವ ಪಾಲನ್ನು ಪಾಯ್ಸನ್–ಬೋಲ್ಟ್ಸ್‌ಮನ್ ಕಡಿಮೆ ಅಂದಾಜು ಮಾಡುತ್ತದೆ ಎಂದು ಆ ಎಣಿಕೆ ತೋರಿಸಿತು.

ಹಲವರು ಮೊದಲು ಕೈಹಾಕುವ ಪರಿಹಾರ ಅಯಾನುಗಳಿಗೆ ಗಾತ್ರ ಕೊಡುವ ತಿದ್ದುಪಡಿ. ಮೇಲ್ಮೈಯಲ್ಲಿ ಜಾಗ ಮೀರಿ ಅಯಾನುಗಳು ತುಂಬುವುದನ್ನು ಅದು ತಡೆಯುತ್ತದೆ, ನಿಜ. ಆದರೆ ಇಲ್ಲಿನ ತೊಂದರೆ ಮೆಗ್ನೀಸಿಯಂ ಕಡಿಮೆ ಬಿದ್ದದ್ದು. ಅಯಾನುಗಳು ಒಂದರಿಂದೊಂದು ಅಂತರ ಕಾಯ್ದುಕೊಂಡು ಜಾಣತನದಿಂದ ಜೋಡಣೆಯಾಗುವ ಪರಿಣಾಮವನ್ನು ಗಾತ್ರದ ತಿದ್ದುಪಡಿ ಸೇರಿಸುವುದಿಲ್ಲ. ಗಾತ್ರದ ಸಂಖ್ಯೆಗಳನ್ನು ತಿರುಗಿಸಿ ಪ್ರಯೋಗಕ್ಕೆ ಹೊಂದಿಸಬಹುದು, ಹಾಗೆ ಮಾಡಿದರೆ ಆ ಗಾತ್ರಗಳಿಗೆ ಭೌತಿಕ ಅರ್ಥ ಉಳಿಯುವುದಿಲ್ಲ.

ನನ್ನ ಆಯ್ಕೆ ಮಾಂಟೆ ಕಾರ್ಲೊ, ಅಂದರೆ ಯಾದೃಚ್ಛಿಕ ಚಲನೆಗಳಿಂದ ಸರಾಸರಿಯನ್ನು ಕಂಡುಕೊಳ್ಳುವ ವಿಧಾನ. ನೀರನ್ನು ಬಿಡಿ ಅಣುಗಳಿಲ್ಲದ, ಆವೇಶಗಳ ಸೆಳೆತವನ್ನು ತಗ್ಗಿಸುವ ಡೈಎಲೆಕ್ಟ್ರಿಕ್ ಮಾಧ್ಯಮವಾಗಿಯೇ ಉಳಿಸಿಕೊಂಡು, ಅಯಾನುಗಳನ್ನು ಆವೇಶವಿರುವ ಗಟ್ಟಿ ಗೋಲಿಗಳಾಗಿ ಒಂದೊಂದಾಗಿ ಓಡಾಡಲು ಬಿಡುವುದು. ಹೊರಗಿನ ದ್ರಾವಣದ ರಾಸಾಯನಿಕ ವಿಭವವನ್ನು ನಿಗದಿಮಾಡಿ ಅಯಾನುಗಳನ್ನು ಸೇರಿಸುತ್ತಾ ತೆಗೆಯುತ್ತಾ ಹೋದರೆ ಬಫರ್‌ನ ಸಾಂದ್ರತೆ ನೀವು ಹೇಳಿದಷ್ಟೇ ಇರುತ್ತದೆ. ಪರಸ್ಪರ ಅಂತರದ ಪರಿಣಾಮ ಯಾವ ಅಂದಾಜೂ ಇಲ್ಲದೆ ತಾನಾಗಿ ಬರುತ್ತದೆ, ಖರ್ಚು ಪೂರ್ಣ ಪರಮಾಣು ಸಿಮ್ಯುಲೇಶನ್‌ಗಿಂತ ಎಷ್ಟೋ ಕಡಿಮೆ. ಈ ವಿಧಾನಕ್ಕೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ ಎಂಬ ಕೊರಗು ನನಗಿದೆ. ಆರ್‌ಎನ್‌ಎ ಮಡಿಕೆಗಳ ಶಕ್ತಿಯನ್ನು ಲೆಕ್ಕಹಾಕುವವರಿಗೆ ತಾನ್ ಮತ್ತು ಚೆನ್ 2005ರಲ್ಲಿ ಮಂಡಿಸಿದ ಬಿಗಿ ಅಯಾನು ಮಾದರಿಯೂ ಇದೆ. ಅದು ಹತ್ತಿರದ ಅಯಾನುಗಳನ್ನು ಬಿಡಿಬಿಡಿಯಾಗಿ, ದೂರದವುಗಳನ್ನು ಪಾಯ್ಸನ್–ಬೋಲ್ಟ್ಸ್‌ಮನ್ ಮೂಲಕ ನೋಡುತ್ತದೆ.

ಮೂರು ಆವೇಶದ ಸ್ಪರ್ಮಿಡಿನ್ ಅಥವಾ ಕೋಬಾಲ್ಟ್ ಹೆಕ್ಸಾಅಮೈನ್ ಇದ್ದರೆ ಪಾಯ್ಸನ್–ಬೋಲ್ಟ್ಸ್‌ಮನ್‌ನತ್ತ ತಿರುಗಿಯೂ ನೋಡಬೇಡಿ. ಇವು ಡಿಎನ್‌ಎ ಸುರುಳಿಗಳನ್ನು ಪರಸ್ಪರ ಎಳೆದು ಉಂಡೆ ಕಟ್ಟಿಸುತ್ತವೆ. ಎರಡು ಒಂದೇ ಬಗೆಯ ಆವೇಶದ ವಸ್ತುಗಳ ನಡುವೆ ಸೆಳೆತ ಬರುವುದನ್ನು ಪಾಯ್ಸನ್–ಬೋಲ್ಟ್ಸ್‌ಮನ್ ಎಂದೂ ತೋರಿಸಲಾರದು, ಇದನ್ನು ಗಣಿತದಿಂದ ಸಾಧಿಸಿಯಾಗಿದೆ. ಅಂಥ ಸೆಳೆತ ಸಾಧ್ಯ ಎಂದು 1984ರಲ್ಲೇ ಆವೇಶದ ಫಲಕಗಳ ಮಾಂಟೆ ಕಾರ್ಲೊ ಲೆಕ್ಕ ತೋರಿಸಿತ್ತು. ಇಲ್ಲಿ ಮ್ಯಾನಿಂಗ್ ಸಂಖ್ಯೆಗಳು ಮತ್ತೊಮ್ಮೆ ಉಪಯೋಗಕ್ಕೆ ಬರುತ್ತವೆ. ಉಂಡೆ ಕಟ್ಟಲು ಸುಮಾರು ಶೇ. 90ರಷ್ಟು ಆವೇಶ ಮುಚ್ಚಿರಬೇಕು ಎಂದು ವಿಲ್ಸನ್ ಮತ್ತು ಬ್ಲೂಮ್‌ಫೀಲ್ಡ್ 1979ರಲ್ಲಿ ಕಂಡುಕೊಂಡರು. ಮೂರು ಆವೇಶದ ಅಯಾನು ಶೇ. 92ರೊಂದಿಗೆ ಗೆರೆ ದಾಟುತ್ತದೆ, ಮೆಗ್ನೀಸಿಯಂ ಶೇ. 88ಕ್ಕೇ ನಿಲ್ಲುತ್ತದೆ. ಬರೀ ನೀರಿನಲ್ಲಿ ಮೆಗ್ನೀಸಿಯಂ ಜೋಡಿ ಸುರುಳಿಯನ್ನು ಉಂಡೆ ಕಟ್ಟಿಸದಿರುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ಪ್ರತಿ ಪರಮಾಣುವನ್ನೂ ಚಲಿಸಲು ಬಿಟ್ಟಾಗ

ಯಾವ ಅಯಾನು, ಯಾವ ತೋಡಿನಲ್ಲಿ, ತನ್ನ ನೀರಿನ ಕವಚ ಉಳಿಸಿಕೊಂಡೋ ಕಳಚಿಕೊಂಡೋ? ಈ ಪ್ರಶ್ನೆಗೆ ಅಣು ಚಲನಶಾಸ್ತ್ರದ ಸಿಮ್ಯುಲೇಶನ್ ಬಿಟ್ಟರೆ ಬೇರೆ ಒಳ್ಳೆಯ ದಾರಿ ಕಡಿಮೆ. ಆದರೆ ಫಲಿತಾಂಶ ಅಯಾನುಗಳ ಫೋರ್ಸ್ ಫೀಲ್ಡ್ (ಪರಮಾಣುಗಳ ನಡುವಿನ ಬಲಗಳನ್ನು ನಿರ್ಧರಿಸುವ ಸೂತ್ರ ಮತ್ತು ನಿಯತಾಂಕಗಳು) ಮೇಲೆ ಭಾರಿಯಾಗಿ ನಿಂತಿರುತ್ತದೆ. ಹಳೆಯ ಅಯಾನು ನಿಯತಾಂಕಗಳನ್ನು ಬಳಸಿದಾಗ, ಕರಗಿಯೇ ಇರಬೇಕಾದ ಸಾಂದ್ರತೆಯಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಹರಳುಗಟ್ಟುವುದನ್ನು 2007ರಲ್ಲಿ ವರದಿ ಮಾಡಿದರು. ಮರುವರ್ಷವೇ ಬಂದ ಜಂಗ್–ಚೀಥಮ್ ನಿಯತಾಂಕಗಳು ಇಂದು ವ್ಯಾಪಕವಾಗಿ ಬಳಕೆಯಲ್ಲಿವೆ. ಅಯಾನು ಮತ್ತು ಫಾಸ್ಫೇಟ್ ನಡುವಿನ ಅತಿಯಾದ ಸೆಳೆತವನ್ನು ಸರಿಪಡಿಸಿದ ನಿಯತಾಂಕಗಳೂ ಆಮೇಲೆ ಬಂದಿವೆ. ನಿಮ್ಮ ನೀರಿನ ಮಾದರಿಗೆ ಹೊಂದಿಸಿದ ಕಂತೆಯನ್ನೇ ಆರಿಸಿ.

ಮೆಗ್ನೀಸಿಯಂನ ತೊಡಕು ಇನ್ನೂ ಆಳದ್ದು. ಅದರ ಒಳ ಕವಚದ ಆರು ನೀರಿನ ಅಣುಗಳಲ್ಲಿ ಒಂದು ಕಳಚಿ ಇನ್ನೊಂದು ಬರಲು ನಿಜವಾದ ನೀರಿನಲ್ಲೇ ಮೈಕ್ರೊಸೆಕೆಂಡ್ ಬೇಕು, ಎಷ್ಟೋ ಮಾದರಿಗಳಲ್ಲಿ ಅದಕ್ಕೂ ಹೆಚ್ಚು. ಕೆಲವು ನೂರು ನ್ಯಾನೊಸೆಕೆಂಡ್ ಓಡಿಸಿ ಮೆಗ್ನೀಸಿಯಂ ಫಾಸ್ಫೇಟ್‌ಗೆ ನೇರವಾಗಿ ಅಂಟಿದೆ ಎಂದು ಬರೆದರೆ, ನೀವು ಆರಂಭದಲ್ಲಿ ಇಟ್ಟ ಜಾಗವನ್ನೇ ಫಲಿತಾಂಶವೆಂದು ಬರೆದಂತೆ. ಆರು ನೀರಿನ ಕವಚದೊಂದಿಗೆ, ಡಿಎನ್‌ಎಯಿಂದ ದೂರದಲ್ಲಿ ಇಟ್ಟು ಆರಂಭಿಸಿ.

ಇನ್ನು ಪೆಟ್ಟಿಗೆಯೊಳಗೆ ಎಷ್ಟು ಉಪ್ಪು ಹಾಕಬೇಕು ಎಂಬ ಪ್ರಶ್ನೆ. 12 ಬೇಸ್ ಜೋಡಿಗಳ, 22 ಫಾಸ್ಫೇಟ್‌ಗಳ ತುಣುಕು, ಸುತ್ತ 343 ಘನ ನ್ಯಾನೊಮೀಟರ್ ನೀರು, ಗುರಿ 0.15 ಮೋಲಾರ್ ಎಂದುಕೊಳ್ಳಿ. ಆ ನೀರಿಗೆ 31 ಜೋಡಿ ಅಯಾನು ಬೇಕೆಂದು ಗುಣಾಕಾರ ಹೇಳುತ್ತದೆ. ಹಲವರು ಮೊದಲು 22 ಸೋಡಿಯಂ ಹಾಕಿ ಆವೇಶವನ್ನು ಸರಿದೂಗಿಸಿ, ಆಮೇಲೆ 31 ಜೋಡಿಯನ್ನೂ ಸೇರಿಸುತ್ತಾರೆ: 53 ಸೋಡಿಯಂ, 31 ಕ್ಲೋರೈಡ್. ಆದರೆ ಡಿಎನ್‌ಎ ಸೋಡಿಯಂ ಅನ್ನು ಸೆಳೆಯುವುದರ ಜೊತೆಗೆ ಕ್ಲೋರೈಡ್ ಅನ್ನು ಹೊರತಳ್ಳುತ್ತದೆ ಎಂಬುದನ್ನು ಈ ಲೆಕ್ಕ ಮರೆತಿದೆ. ಹೊರಗಿನ ದ್ರಾವಣದೊಂದಿಗೆ ಸಮತೋಲನವಿದ್ದರೆ, ಸರಳ ಲೆಕ್ಕದ ಪ್ರಕಾರ ಎರಡು ಸಂಖ್ಯೆಗಳ ಗುಣಲಬ್ಧ 31ರ ವರ್ಗಕ್ಕೆ ಸಮವಾಗಿರಬೇಕು, ವ್ಯತ್ಯಾಸ 22 ಆಗಿರಬೇಕು. ಬಿಡಿಸಿದರೆ 44 ಸೋಡಿಯಂ, 22 ಕ್ಲೋರೈಡ್. ಮೊದಲಿನ ರೀತಿಯಲ್ಲಿ ಹಾಕಿದವರು ಇದೇ ಲೆಕ್ಕದಂತೆ 0.2 ಮೋಲಾರ್‌ಗೆ ಹತ್ತಿರದ ದ್ರಾವಣದಲ್ಲಿ ಕೆಲಸ ಮಾಡುತ್ತಿರುತ್ತಾರೆ. ಸಿಮ್ಯುಲೇಶನ್ ಮುಗಿದ ಮೇಲೆ ಪೆಟ್ಟಿಗೆಯ ಅಂಚಿನ ಸಾಂದ್ರತೆಯನ್ನು ಅಳೆದು ಅದನ್ನೇ ವರದಿ ಮಾಡುವುದು ಪ್ರಾಮಾಣಿಕ ಕ್ರಮ.

ಸಾಕಷ್ಟು ಹೊತ್ತು ಓಡಿಸಿದ್ದೇವೆಯೇ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಸಿಜಿಸಿಜಿಎಎಟಿಟಿಸಿಜಿಸಿಜಿ ಎಂಬ ಪ್ರಸಿದ್ಧ ಡಿಕರ್ಸನ್ ತುಣುಕನ್ನು ಯಾವ ಎಳೆಯಿಂದ ಓದಿದರೂ ಕ್ರಮ ಅದೇ. ಹಾಗಾಗಿ ಅಯಾನುಗಳ ಹಂಚಿಕೆ ಎರಡೂ ಅರ್ಧಗಳಲ್ಲಿ ಒಂದೇ ಆಗಿರಬೇಕು. ಒಂದು ಬದಿಯಲ್ಲಿ ಸೋಡಿಯಂ ಹೆಚ್ಚು ಕಂಡರೆ ಅದು ಜೀವಶಾಸ್ತ್ರವಲ್ಲ, ಸಮಯ ಸಾಲದ್ದು.

3ಡಿ-ರಿಸಂ ಎಂಬ ಅನುಕಲ (ಇಂಟೆಗ್ರಲ್) ಸಮೀಕರಣಗಳ ವಿಧಾನ ಪಾಯ್ಸನ್–ಬೋಲ್ಟ್ಸ್‌ಮನ್‌ಗೂ ಅಣು ಚಲನಶಾಸ್ತ್ರಕ್ಕೂ ನಡುವಿನದು. ನೀರಿನ ಅಣುರಚನೆಯನ್ನು ಉಳಿಸಿಕೊಂಡೇ ಸಮತೋಲನದ ಹಂಚಿಕೆಯನ್ನು ನೇರವಾಗಿ ಕೊಡುತ್ತದೆ, ಕಾಯುವ ಕೆಲಸವಿಲ್ಲ. ಅದರ ಉತ್ತರ ಆರಿಸಿಕೊಂಡ ಮುಕ್ತಾಯ ಸಂಬಂಧವನ್ನು (ಸಮೀಕರಣಗಳನ್ನು ಬಿಡಿಸಲು ಸೇರಿಸುವ ಅಂದಾಜಿನ ಸೂತ್ರ) ಅವಲಂಬಿಸಿರುವುದರಿಂದ, ಒಂದಕ್ಕಿಂತ ಹೆಚ್ಚು ಸಂಬಂಧಗಳಲ್ಲಿ ಓಡಿಸಿ ನೋಡಬೇಕು.

ಯಾವುದನ್ನೇ ಆರಿಸಿದರೂ ಈ ಎಣಿಕೆ

ಹೆಚ್ಚಾಗಿ ಸೇರಿದ ಧನ ಆವೇಶ ಮತ್ತು ಹೊರಹೋದ ಋಣ ಆವೇಶ ಎರಡನ್ನೂ ಕೂಡಿಸಿದರೆ ಡಿಎನ್‌ಎಯ ಒಟ್ಟು ಆವೇಶ ಬರಲೇಬೇಕು. 2007ರ ಪ್ರಯೋಗದ 24 ಬೇಸ್ ಜೋಡಿಗಳ ತುಣುಕಿಗೆ ಅದು 46. ನಿಮ್ಮ ಮೊತ್ತ 46ಕ್ಕಿಂತ ಕಡಿಮೆ ಬಂದರೆ ಪೆಟ್ಟಿಗೆ ಚಿಕ್ಕದಾಗಿದೆ, ಇಲ್ಲವೇ ಎಣಿಕೆಯನ್ನು ಬೇಗ ನಿಲ್ಲಿಸಿದ್ದೀರಿ. ಮೊತ್ತ ಸರಿಯಿದ್ದರೆ ಪಾಲನ್ನೂ ನೋಡಿ. ಏಕಾವೇಶದ ಉಪ್ಪಿನಲ್ಲಿ ಸೇರಿದ ಧನ ಅಯಾನುಗಳ ಪಾಲು ದೊಡ್ಡದಿರಬೇಕು, ಹೊರಹೋದ ಋಣ ಅಯಾನುಗಳದ್ದು ಸಣ್ಣದಿರಬೇಕು. ಎರಡೂ ಕಡೆ ಸರಿಸಮ 23 ಬಂದಿದ್ದರೆ ಇನ್‌ಪುಟ್ ಕಡತವನ್ನು ತೆರೆದು ನೋಡಿ, ನೀವು ಓಡಿಸಿದ್ದು ರೇಖೀಯ ಸಮೀಕರಣವನ್ನು.